ಪುರಾವೆ ಚಿಕ್ಕಮ್ಮ

ಮನೆಯ ಮಕ್ಕಳು ಅವಳನ್ನು ಕರೆಯುವುದೇ ಪುರಾವೆ ಚಿಕ್ಕಮ್ಮ ಎಂದು. ಗಿಡಮೂಲಿಕೆಗಳು ಜೀರ್ಣಕ್ಕೆ ನಿಜವಾಗಿ ನೆರವಾಗುತ್ತವೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಆ ಕೆಲಸ ಪ್ರಯೋಗಾಲಯದಿಂದ ಊಟದ ಮೇಜಿನವರೆಗೂ ಅವಳ ಜೊತೆಗೇ ಬರುತ್ತದೆ. ಭಾವ "ಪುದೀನ ಕುಡಿದೆ, ಹೊಟ್ಟೆ ಹೂವಿನ ಹಾಗೆ ಹಗುರವಾಯ್ತು" ಎಂದರೆ ಸಾಕು, "ಕುಡೀದೇ ಇದ್ದಿದ್ರೂ ಆಗ್ತಿತ್ತೇನೋ, ಯಾರಿಗ್ಗೊತ್ತು?" ಎಂದು ಬೆನ್ನು ಹತ್ತುತ್ತಾಳೆ. ಬೇರು ನಾರು ಎಂದರೆ ಮೂಗು ಮುರಿಯುವವರನ್ನೂ "ನೀವು ಪರೀಕ್ಷೆ ಮಾಡಿ ನೋಡಿದ್ರಾ?" ಎಂದು ಅಷ್ಟೇ ಜೋರಾಗಿ ದಬಾಯಿಸುತ್ತಾಳೆ. ತನ್ನ ಅಮ್ಮನ ಶುಂಠಿ ಕಷಾಯವನ್ನೂ ಅವಳು ಬಿಡಲಿಲ್ಲ. ಹೋಲಿಸಿ ನೋಡಲು ಶುಂಠಿಯೇ ಇಲ್ಲದ, ಆದರೆ ಬಣ್ಣ, ಘಾಟು, ಖಾರ ಎಲ್ಲ ಅದೇ ಇರುವ ಹುಸಿ ಕಷಾಯವೊಂದು ಬೇಕಿತ್ತು. ಅದನ್ನೂ ಅಮ್ಮನ ಕೈಯಲ್ಲೇ ಮಾಡಿಸಿದಳು. ಅಮ್ಮ ಹಟ ಹಿಡಿದು, ಮಗಳಿಗೇ ಗುರುತು ಸಿಗದಂತೆ ಅದನ್ನು ಕಾಯಿಸಿದರು. ಪರೀಕ್ಷೆಗೆ ಬಂದು ಕುಡಿದವರ ಹೊಟ್ಟೆ ಎರಡಕ್ಕೂ ಒಂದೇ ಸಮ ತಣ್ಣಗಾಯಿತು. ಚಿಕ್ಕಮ್ಮ ಇದ್ದದ್ದನ್ನು ಇದ್ದ ಹಾಗೆ ಬರೆದು, ಅಚ್ಚಿಗೆ ಕೊಡುವ ಮೊದಲು ಅಮ್ಮನಿಗೇ ಓದಿ ಹೇಳಿದಳು. "ಸರಿ ಬಿಡು, ಎರಡೂ ನಂದೇ ತಾನೇ" ಎಂದರು ಅಮ್ಮ. ಈಗಲೂ ಚಿಕ್ಕಮ್ಮನ ಹೊಟ್ಟೆ ಕೆಟ್ಟರೆ ಅಮ್ಮ ಬಿಸಿಬಿಸಿ ಲೋಟವೊಂದನ್ನು ತಂದು ಕೈಗಿಡುತ್ತಾರೆ. ಕಂಡವರನ್ನೆಲ್ಲ ಪ್ರಶ್ನೆ ಕೇಳಿ ಸುಸ್ತು ಮಾಡುವವಳು, ಇದು ಅವೆರಡರಲ್ಲಿ ಯಾವುದು ಎಂದು ಮಾತ್ರ ಕೇಳದೆ, ಕೊನೆಯ ಗುಟುಕಿನವರೆಗೂ ಕುಡಿದು ಲೋಟ ವಾಪಸು ಕೊಡುತ್ತಾಳೆ.