ಹಂಡೆಗೆ ಕಟ್ಟಿದ ಹಸಿರು ತಂತಿ

ಕೊರೋನಾ ಕಳೆದ ಮರುವರ್ಷ. ವಿದ್ಯುತ್ ಇಲಾಖೆಯಿಂದ ನಿವೃತ್ತನಾದ ನಾನು ಕಾಪುವಿನಲ್ಲಿ ಮನೆಗಳ ವೈರಿಂಗ್ ತಪಾಸಣೆ ಮಾಡಿಕೊಂಡಿದ್ದೆ. ಹೊಸ ಹೀಟರ್ ತಂದವರಿಗೆ ಅದನ್ನು ಅಂದೇ ಗೋಡೆಗೇರಿಸುವ ಅವಸರ. ಹಳೆಯ ತಂತಿ ತಾಳುತ್ತದೆಯೇ ಎಂದು ನೋಡಹೊರಟ ನಾನು ಅವರ ಪಾಲಿಗೆ ಅಡ್ಡಗಾಲು ಹಾಕುವವನು.

ಮೀನುಗಾರಿಕೆ ಬೋಟಿನಲ್ಲಿ ದುಡಿಯುವ ಸದಾನಂದ ಆರು ಕಿಲೋವ್ಯಾಟಿನ ಶವರ್ ಹೀಟರ್ ತಂದಿಟ್ಟು ನನ್ನನ್ನು ಕರೆದಿದ್ದರು. ಹೆರಿಗೆಗೆ ಬಂದಿದ್ದ ಮಗಳು ಪ್ರಜ್ಞಾ ಈಗ ಬಾಣಂತಿ. ಸ್ನಾನದ ಮನೆಯಲ್ಲಿ ಒಲೆ ಉರಿಸುವುದು ಎಂದೋ ನಿಂತಿತ್ತು. ಹಳೆಯ ಹೀಟರಿನ ನೀರನ್ನೇ ಒಲೆಯ ಮೇಲಿನ ತಾಮ್ರದ ಹಂಡೆಗೆ ತುಂಬಿಸಿ ಅವಳಿಗೆ ಹೊಯ್ಯುತ್ತಿದ್ದರು.

"ಅವಳಿಗೆ ವಾಯು ಹಿಡಿದಿದೆ ಸರ್. ನೀರು ಇನ್ನೂ ಬಿಸಿ ಬೇಕು," ಎಂದರು ಸದಾನಂದ.

ಆರು ಕಿಲೋವ್ಯಾಟ್ ಎಂದರೆ ಸುಮಾರು ಇಪ್ಪತ್ತಾರು ಆಂಪಿಯರ್ ಕರೆಂಟ್. ಅಲ್ಲಿದ್ದದ್ದು ಹದಿನಾರರ ಪ್ಲಗ್. ಹೊಸ ಲೈನ್ ಎಳೆಯಲೇಬೇಕಿತ್ತು. ಅದಕ್ಕೂ ಮೊದಲು ಅರ್ಥ್ ನೋಡಬೇಕು. ಹೀಟರಿನೊಳಗೆ ಕರೆಂಟ್ ಸೋರಿದರೆ ಅದನ್ನು ನೆಲಕ್ಕೆ ಇಳಿಸುವ ಹಸಿರು ತಂತಿಯೇ ಅರ್ಥ್. ನಾನು ಹೇಳುವವರೆಗೆ ಯಾರೂ ಸ್ನಾನದ ಮನೆಗೆ ಹೋಗಬೇಡಿ ಎಂದು ಹೇಳಿ, ಸದಾನಂದರ ಜೊತೆ ಹಿತ್ತಲಿಗೆ ನಡೆದೆ.

ಹಸಿರು ತಂತಿ ಗೋಡೆಯಿಂದ ಹೊರಬಂದು, ಸ್ವಲ್ಪ ದೂರ ಓಡಿ, ಮತ್ತೆ ಒಳಗೇ ನುಗ್ಗಿತ್ತು. ಅದರ ಜೋಡಣೆಗೆ ಟೆಸ್ಟರ್ ಮುಟ್ಟಿಸಿದೆ. ದೀಪ ಹತ್ತಿತು. ಹಸಿರು ತಂತಿಯಲ್ಲಿ ದೀಪ ಹತ್ತಲೇಬಾರದು.

"ಇದು ಎಲ್ಲಿಗೆ ಹೋಗುವುದು ಮಾರಾಯ್ರೆ?"

"ಹಂಡೆಗೆ. ತಾಮ್ರ ಅಲ್ವಾ, ಒಲೆಯ ಮಣ್ಣಲ್ಲೇ ಉಂಟು. ಒಳ್ಳೆ ಅರ್ಥ್ ಅಂತ ನಾನೇ ಕಟ್ಟಿದ್ದು."

ಒಣಗಿದ ಒಲೆ ಕರೆಂಟನ್ನು ನೆಲಕ್ಕೆ ಇಳಿಸುವುದಿಲ್ಲ. ಹಳೆಯ ಹೀಟರಿನಿಂದ ಸೋರಿದ್ದೆಲ್ಲ ಹಂಡೆಯಲ್ಲೇ ಕಾದು ಕೂತಿತ್ತು. ಅಷ್ಟರಲ್ಲಿ ಗೋಡೆಯಾಚೆ ನೀರು ಹೊಯ್ಯುವ ಸದ್ದು ಕೇಳಿಸಿತು. ಬಾಣಂತಿಯನ್ನು ಮೀಯಿಸಲು ಬರುವ ಗಿರಿಜಕ್ಕನಿಗೆ ಕಟಪಾಡಿಯಲ್ಲಿ ಇನ್ನೊಂದು ಮನೆಯ ಬಾಣಂತಿಯನ್ನೂ ಮೀಯಿಸಲಿಕ್ಕಿತ್ತು. ಅವರು ನನಗಾಗಿ ಕಾಯಲಿಲ್ಲ.

"ಹಂಡೆ ಮುಟ್ಟಬೇಡಿ!" ಎಂದು ಕಿರುಚಿದೆ. ಒಳಗೆ ಕೇಳಿಸಿತೋ ಇಲ್ಲವೋ. "ಸಾಕು, ಇನ್ನು ಏಳು ಮಗಾ," ಎಂದು ಗಿರಿಜಕ್ಕ ಹೇಳಿದ್ದು ಮಾತ್ರ ನನಗೆ ಕೇಳಿಸಿತು.

ಬಾಣಂತಿ ಮೀಯುವಲ್ಲಿ ಗಂಡಸು ಬಾಗಿಲು ದೂಡುವಂತಿಲ್ಲ. ಮೇನ್ ಸ್ವಿಚ್ ಎದುರಿನ ಜಗಲಿಯಲ್ಲಿತ್ತು. ಓಡಿದೆ. ಹಿಡಿ ಮೊದಲ ಎಳೆತಕ್ಕೆ ಬಗ್ಗಲಿಲ್ಲ. ಮತ್ತೆ ಎಳೆದಾಗ ಮನೆಯ ಫ್ಯಾನ್ ನಿಂತು ಮಗು ಅಳತೊಡಗಿತು. ಸ್ನಾನದ ಮನೆಯಲ್ಲಿ ಸದ್ದೇ ಇಲ್ಲ. ಸದಾನಂದ ಅದರ ಬಾಗಿಲಿಗೆ ಓಡಿ ಮಗಳ ಹೆಸರು ಕರೆದರು.

"ಕರೆಂಟ್ ತೆಗೆದದ್ದು ಯಾರು? ಕತ್ತಲೆಯಲ್ಲಿ ಇವಳು ಜಾರಿದರೆ ಎಂತ ಮಾಡುವುದು?" ಗಿರಿಜಕ್ಕ ಒಳಗಿಂದಲೇ ಬೈದರು. ಅಷ್ಟು ಹಿತವಾದ ಬೈಗುಳವನ್ನು ನಾನು ಇಡೀ ಸರ್ವೀಸಿನಲ್ಲಿ ಕೇಳಿರಲಿಲ್ಲ.

ಅರ್ಥ್ ಗುಂಡಿ ತೋಡಿಸಿ, ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಆರ್‌ಸಿಸಿಬಿ ಕೂರಿಸಿ, ಬೇರೆ ದಪ್ಪ ತಂತಿ ಎಳೆದ ಮೇಲೆಯೇ ಹೊಸ ಹೀಟರ್ ಗೋಡೆಗೇರಿತು. ಆದರೆ ನನ್ನ ನಿದ್ದೆ ಕೆಡಿಸಿದ್ದು ಆ ದಿನ ಪ್ರಜ್ಞಾ ಹೊರಬಂದು ಹೇಳಿದ ಮಾತು.

"ಹಂಡೆ ಹಿಡಿದು ಏಳುವಾಗ ಮಾತ್ರ ಕೈ ಜುಮ್ ಅಂತದೆ ಅಂತ ನಾನು ಹೇಳಿದ್ದೆ ಸರ್. ಬಾಣಂತಿಗೆ ವಾಯು ಅಂತ ಕಷಾಯ ಕೊಟ್ಟರು. ಇವತ್ತು ಮತ್ತೆ ಜುಮ್ ಅಂದರೆ ಅಂತ ಹೆದರಿ, ಹಂಡೆ ಬಿಟ್ಟು ಗಿರಿಜಕ್ಕನ ಭುಜ ಹಿಡಿದೆ."

ಗಿರಿಜಕ್ಕ ನೀರು ಮೊಗೆಯುತ್ತಿದ್ದದ್ದು ಪ್ಲಾಸ್ಟಿಕ್ ಮಗ್ಗಿನಲ್ಲಿ. ಹಂಡೆ ಮುಟ್ಟುತ್ತಿದ್ದವಳು ಪ್ರಜ್ಞಾ ಒಬ್ಬಳೇ.

ಈಗ ಹೀಟರ್ ಕೆಲಸಕ್ಕೆ ಹೋದಲ್ಲೆಲ್ಲ, ಚೀಲದಿಂದ ಮೀಟರ್ ತೆಗೆಯುವ ಮೊದಲು, ಅಲ್ಲಿ ಮೀಯುವ ಒಬ್ಬೊಬ್ಬರನ್ನೂ ಕೇಳುತ್ತೇನೆ: ಮೈಗೆ ಏನಾದರೂ ಅನಿಸುತ್ತದೆಯೇ? ಅವರ ಪರವಾಗಿ ಬೇರೆಯವರು ಉತ್ತರ ಕೊಡಲು ಬಂದರೆ ಸುಮ್ಮನಿರಿ ಎನ್ನುತ್ತೇನೆ.