ಔಡಲೆಣ್ಣೆ ಹಚ್ಚಿದ ಓಟದ ಬೂಟು

ಹೊಸ ಬೂಟಿಗೆ ಯಾರಾದರೂ ಔಡಲೆಣ್ಣೆ ಹಚ್ಚುತ್ತಾರೆಯೇ?

ನಮ್ಮ ಮನೆಯಲ್ಲಿ ಹಚ್ಚುತ್ತಾರೆ. (ನೀವು ಹರಳೆಣ್ಣೆ ಅನ್ನುತ್ತೀರೇನೋ.) ಹೋದ ವಾರ ಹಚ್ಚಿದರು. ಅದೂ ಓಡುವ ಬೂಟಿಗೆ, ಮಗಳ ಪೊಲೀಸ್ ಭರ್ತಿಯ ಓಟದ ಹಿಂದಿನ ದಿನ. ಹಚ್ಚಿದ್ದು ನಮ್ಮ ಅವ್ವ, ಮಗಳು ‘ಆಯಿ’ ಎಂದು ಕರೆಯುವ ಅಜ್ಜಿ. ನನಗೆ ಗೊತ್ತಾಗಿದ್ದು ಮಾತ್ರ ಮರುದಿನ, ಬೆಳಗಾವಿಯ ಮೈದಾನದಲ್ಲಿ.

ಮೊದಲಿನಿಂದ ಹೇಳುತ್ತೇನೆ. (ಎದೆ ಇನ್ನೂ ಡವಡವ ಅನ್ನುತ್ತಿದೆ. ಅಲ್ಲಲ್ಲಿ ತಡವರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.)

ನನ್ನ ಮಗಳು ಶೋಭಾಗೆ ಪೊಲೀಸ್ ಆಗಬೇಕೆಂಬ ಹಟ. ಹೋದ ಸಲ ಓಟದಲ್ಲಿ ಸ್ವಲ್ಪದರಲ್ಲೇ ಹೊರಬಿದ್ದಳು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಅರ್ಜಿ ಹಾಕುವಂತೆಯೇ ಇಲ್ಲ. ಹಾಗಾಗಿ ದಿನಾ ನಸುಕಿನಲ್ಲಿ ಚಿಕ್ಕೋಡಿಯಿಂದ ಕರೋಶಿ ಕಡೆಗೆ ಓಡುತ್ತಿದ್ದಳು. ಕಾಲಲ್ಲಿ ಕಾಲೇಜಿನ ಕಾಲದ ಕ್ಯಾನ್ವಾಸ್ ಪಿ.ಟಿ. ಶೂ. ಹಿಂದೆ ಸೈಕಲ್ ಮೇಲೆ ನಾನು. (ನಾನು ಓಡಿದ್ದು ಅಂದರೆ ನಿಪ್ಪಾಣಿ ಬಸ್ಸಿನ ಹಿಂದೆ ಮಾತ್ರ.)

ಅವಳು ಮುಂದೆ ನೋಡಿ ಓಡುತ್ತಿದ್ದಳು. ನಾನು ಅವಳ ಶೂ ನೋಡುತ್ತಿದ್ದೆ. ಹಿಮ್ಮಡಿ ಸವೆದಿತ್ತು. ಹೆಬ್ಬೆರಳ ಹತ್ತಿರ ಬಟ್ಟೆ ತೆಳ್ಳಗಾಗಿತ್ತು. ಓಟದ ನಡುವೆ ಹರಿದರೆ? ಮುಗ್ಗರಿಸಿ ಬಿದ್ದರೆ? ಒಂದು ತೂತಿನಿಂದ ಹುಡುಗಿಯ ಆಸೆಯೆಲ್ಲ ಮಣ್ಣುಪಾಲಾದರೆ? ನನಗೆ ಊಟ ರುಚಿಸಲಿಲ್ಲ.

ಬಲ್ಲವರನ್ನು ಕೇಳಲು ಹೊರಟೆ. ಪಕ್ಕದ ಮನೆಯ ಮಾನೆ ಕಾಕಾ ಮಿಲಿಟರಿಯಿಂದ ನಿವೃತ್ತರಾದವರು.

“ಬೂಟ ಭಾರ ಇರಬೇಕ್ರಿ. ಭಾರ ಬೂಟಿನ್ಯಾಗ ಓಡಿ ರೂಢಿ ಆತಂದ್ರ, ಪರೀಕ್ಷಾ ದಿನ ಕಾಲ ತಾವ ಹಾರ್ತಾವು” ಅಂದರು.

ಸರಿ ಅನ್ನಿಸಿತು. ಆದರೆ ನಮ್ಮ ಆಫೀಸಿನಲ್ಲಿ ರಾಯಬಾಗದವರೊಬ್ಬರಿದ್ದಾರೆ, ಕಾಲೇಜಿನಲ್ಲಿ ನೂರು ಮೀಟರ್ ಓಡಿದವರು. ಅವರಿಗೆ ಇದನ್ನು ಹೇಳಿದ್ದೇ ತಡ, ಕುರ್ಚಿಯಿಂದ ಎದ್ದುಬಿಟ್ಟರು. “ಭಾರ ಬೂಟ? ಹುಚ್ಚ ಹಿಡದೈತೇನ್ರಿ ಅವರಿಗೆ? ಮೊಳಿ ಇರೋ ಸ್ಪೈಕ್ಸ್ ತರ್ರಿ. ನೆಲಾ ಕಚ್ಚಿ ಹಿಡೀತಾವು.”

ಮೊಳೆ! ಅದು ಎಲ್ಲಾದರೂ ಸಿಕ್ಕಿಕೊಂಡು ಕಾಲು ಉಳುಕಿದರೆ? ಆ ರಾತ್ರಿ ನಿದ್ದೆಯೂ ಹೋಯಿತು.

ಕೊನೆಗೆ ಮಿರಜಕ್ಕೇ ಹೋದೆ. ಬೂಟಿನ ಅಂಗಡಿಯವನು ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆ, “ಕೋಣ ಧಾವಣಾರ? ರಸ್ತ್ಯಾವರ ಕೀ ಮೈದಾನಾವರ?” ಓಡುವವರು ಯಾರು, ರಸ್ತೆ ಮೇಲೋ ಮೈದಾನದಲ್ಲೋ ಎಂದು. ಇಷ್ಟು ದಿನ ಯಾರೂ ಇದನ್ನು ಕೇಳಿರಲಿಲ್ಲ ನೋಡಿ! ರಸ್ತೆಯಲ್ಲಿ ದೂರ ಓಡುವವರಿಗೆ ಹಿಮ್ಮಡಿಗೆ ದಪ್ಪ ಸ್ಪಂಜು ಇದ್ದದ್ದು. ಮೈದಾನದಲ್ಲಿ ಜೋರಾಗಿ ಓಡುವವರಿಗೆ ತೆಳು ಅಟ್ಟೆಯ ಹಗುರ ಜೋಡು. ಮೈಭಾರ ಇಳಿಸಲು ಓಡುವವರಿಗೆ ಅಗಲ ತಳದ್ದು. (ಇದನ್ನು ನನ್ನ ಹೊಟ್ಟೆ ನೋಡಿಯೇ ಮುಂದೆ ತಳ್ಳಿದ.) ನಾನು ಹಗುರ ಜೋಡು ಆರಿಸಿದೆ. ಎತ್ತಿದರೆ ಹಪ್ಪಳದ ಹಾಗಿತ್ತು.

ಶೋಭಾ ಹಾಕಿ ನೋಡಿದಳು. “ಚೊಲೋ ಅದಾವು ಅಪ್ಪಾ. ಖರೆ, ಪರೀಕ್ಷಾ ಬಂದ ಬಿಟ್ಟೈತಿ. ನನ್ನ ಹಳೇವು ಕಾಲಿಗೆ ರೂಢಿ ಆಗ್ಯಾವು...”

“ಹಳೇವು ಹರದ ಹೋದ್ರ?” ಅಂದೆ. ಬೂಟು ಬಿಚ್ಚಿ ಡಬ್ಬಿಯ ಮೇಲಿಟ್ಟಳು.

ಅವ್ವ ಬೂಟನ್ನು ಕೈಯಲ್ಲಿ ಹಿಡಿದು ಮಡಚಿ ನೋಡಿದಳು. ಅವ್ವನ ತವರು ಅಥಣಿ. ಅಲ್ಲಿ ಹೊಸ ಚರ್ಮದ ಚಪ್ಪಲಿಯನ್ನು ತಂದ ದಿನವೇ ಯಾರೂ ಮೆಟ್ಟುವುದಿಲ್ಲ. ಎಣ್ಣೆ ಹಚ್ಚಿ, ಬಿಸಿಲಿಗಿಟ್ಟು, ಮೆತ್ತಗಾದ ಮೇಲೆ ಮೆಟ್ಟುತ್ತಾರೆ. ಇಲ್ಲದಿದ್ದರೆ ಕಾಲಿಗೆ ಬೊಬ್ಬೆ ಗ್ಯಾರಂಟಿ.

“ಹೊಸಾವು ಕಚ್ಚತಾವೋ ತಮ್ಮಾ” ಅಂದಳು. ನಾನು ಹೂಂ ಅಂದೆ. ಕಿವಿಗೆ ಹಾಕಿಕೊಂಡವರು ಯಾರು?

ಬೆಳಗಾವಿ ಬಸ್ಸಿನಲ್ಲೇ ಘಮ್ಮೆಂದು ವಾಸನೆ ಬರುತ್ತಿತ್ತು. ಯಾರೋ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದಾರೆ ಅಂದುಕೊಂಡೆ. ಮೈದಾನದಲ್ಲಿ ಡಬ್ಬಿ ತೆರೆದರೆ ಬೂಟು ಮಿರಿಮಿರಿ ಮಿಂಚುತ್ತಿದೆ! ಶೋಭಾ ಹಾಕಿಕೊಂಡು ಸ್ವಲ್ಪ ಓಡಿದಳು ಅಷ್ಟೇ. ಬಲಗಾಲಿನ ಅಟ್ಟೆ ಮುಂದುಗಡೆ ಬಾಯಿ ಬಿಟ್ಟಿತು. ಎಣ್ಣೆಗೂ ಬಿಸಿಲಿಗೂ ಅಂಟು ಪೂರ್ತಿ ಸಡಿಲಾಗಿತ್ತು.

ಆಗಲೇ ಹೆಸರು ಕೂಗತೊಡಗಿದರು.

ಬಾಯಿಬಿಟ್ಟ ಅಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ. “ನಿಮ್ಮ ಆಯಿ ಘಾತಾ ಮಾಡಿದ್ಲಲ್ಲವ್ವಾ! ಇನ್ನ ಹ್ಯಾಂಗ?” ಅಂದೆ. ಅಷ್ಟು ಜನರ ನಡುವೆ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಶೋಭಾ ಚೀಲಕ್ಕೆ ಕೈಹಾಕಿದಳು. ಹೊರಬಂದದ್ದು ಅದೇ ಹಳೇ ಪಿ.ಟಿ. ಶೂ. ಹೆಬ್ಬೆರಳ ಹತ್ತಿರ ಕಪ್ಪು ದಾರದ ದಪ್ಪ ಹೊಲಿಗೆ.

“ಇವನ್ನ ಯಾವಾಗ ಇಟಗೊಂಡಿ?”

“ಬರೋ ಮುಂದ. ನಿನಗ ಹೇಳಿದ್ರ ಮತ್ತ ಮಿರಜಕ್ಕ ಹೊಂಟಿರ್ತಿದ್ದಿ.”

“ಹೊಲದವರ ಯಾರು?”

“ಆಯಿ” ಅಂದಳು. ಲೇಸು ಬಿಗಿದು ಓಡಿಯೇ ಹೋದಳು.

ಹೊಸದನ್ನು ಕೆಡಿಸಿದ ಕೈಯೇ ಹಳೆಯದನ್ನು ಹೊಲಿದಿತ್ತು. ಈಗ ನಾನು ಯಾರ ಮೇಲೆ ಸಿಟ್ಟಾಗಲಿ?

ಸೀಟಿ ಊದಿದರು. ಮೈದಾನಕ್ಕೆ ಕಟ್ಟಿದ ಹಗ್ಗದ ಈಚೆ ನಿಂತು ಎಲ್ಲರೂ ತಮ್ಮ ಮಕ್ಕಳ ಮುಖ ನೋಡುತ್ತಿದ್ದರು, ನಾನು ಆ ಹೊಲಿಗೆಯನ್ನು ಹುಡುಕುತ್ತಿದ್ದೆ. ಅಷ್ಟು ದೂರದಿಂದ ಅದು ಕಾಣುತ್ತದೆಯೇ? ಎರಡನೇ ತಿರುವಿನಲ್ಲಿ ಅವಳು ಒಮ್ಮೆ ಜೋಲಿ ಹೊಡೆದಂತೆ ಕಂಡಿತು. ಹರಿಯಿತು, ಮುಗಿಯಿತು ಅಂದುಕೊಂಡು ಕಣ್ಣು ಮುಚ್ಚಿದೆ. ಎಣ್ಣೆ ಬೂಟನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ನಮ್ಮ ಮನೆದೇವರನ್ನು ನೆನೆದೆ. ಇದ್ದಬದ್ದ ದೇವರನ್ನೆಲ್ಲ ನೆನೆದೆ.

“ಅಪ್ಪಾ, ಕಣ್ಣ ತಗೀ. ಪಾಸ್ ಆದ್ನಿ” ಅನ್ನುವ ದನಿ ಕೇಳಿತು. ಏದುಸಿರು ಬಿಡುತ್ತ ಎದುರು ನಿಂತಿದ್ದಳು. “ಅಂಗಿ ತುಂಬ ಎಣ್ಣಿ ಮಾಡ್ಕೊಂಡಿ ನೋಡು.”

ಮನೆಗೆ ಬಂದಾಗ ಅವ್ವ ಹೊಸ್ತಿಲಲ್ಲೇ ಕೂತಿದ್ದಳು. ಓಟ ಏನಾಯಿತು ಅಂತ ಕೇಳಲಿಲ್ಲ. “ಬೂಟ ಕಚ್ಚಲಿಲ್ಲಲ್ಲ, ನನ ಬಂಗಾರಾ?” ಅಂದಳು.

“ಇಲ್ಲ ಆಯಿ, ಒಟ್ಟ ಕಚ್ಚಲಿಲ್ಲ” ಅಂದಳು ಶೋಭಾ. ಅವ್ವ ನನ್ನ ಕಡೆ ನೋಡಿ, ನಾ ಹೇಳಿದ್ದಿಲ್ಲೇನು ಎಂಬಂತೆ ತಲೆ ಕುಣಿಸಿದಳು. ನಾನು ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದೆ.

ಇನ್ನು ಲಿಖಿತ ಪರೀಕ್ಷೆ ಇದೆ. ನನಗೆ ಈಗಲೇ ಊಟ ರುಚಿಸುತ್ತಿಲ್ಲ. ಮಿರಜದ ಅಂಗಡಿಯವನನ್ನು ಇನ್ನೊಮ್ಮೆ ಕಾಣಬೇಕು. ಓಡುವವರಿಗೆಲ್ಲ ಬಗೆಬಗೆಯ ಬೂಟು ಇಟ್ಟಿದ್ದೀಯಪ್ಪಾ, ಹಗ್ಗದ ಈಚೆ ನಿಂತು ನಡುಗುವ ಅಪ್ಪನ ಕಾಲಿಗೆ ಯಾವುದಿದೆ?