ಕಾಲಂನ ತುದಿಯ ನಾಝಲ್

೧೯೮೪ರಲ್ಲಿ ನಾನು ಬೊಮ್ಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಡಿಸೈನ್ ಎಂಜಿನಿಯರ್ ಆಗಿದ್ದೆ. ಪ್ರೆಶರ್ ವೆಸೆಲ್‌ಗಳನ್ನು, ಅಂದರೆ ಅನಿಲವನ್ನೋ ದ್ರವವನ್ನೋ ಒತ್ತಡದಲ್ಲಿ ಹಿಡಿದಿಡುವ ಉಕ್ಕಿನ ಪಾತ್ರೆಗಳನ್ನು ಮಾಡಿಕೊಡುವುದು ನಮ್ಮ ಕೆಲಸ. ಆ ವರ್ಷ ಮೂವತ್ತೆರಡು ಮೀಟರ್ ಎತ್ತರದ ಕಾಲಂ, ಅಂದರೆ ಗೋಪುರದಂತೆ ನಿಲ್ಲುವ ಪಾತ್ರೆ, ಒಂದರ ಆರ್ಡರ್ ಬಂತು. ಅಷ್ಟು ಎತ್ತರದ್ದನ್ನು ನಾವು ಅದುವರೆಗೆ ಮಾಡಿರಲಿಲ್ಲ.

ಒಳಗಿನ ಒತ್ತಡ, ಗಾಳಿ, ಸ್ವಂತ ತೂಕ ಎಲ್ಲದರ ಲೆಕ್ಕ ಮುಗಿದಿತ್ತು. ಕಾಲಂನ ತುದಿಯಲ್ಲಿ ಪೈಪ್ ಬಂದು ಸೇರುವ ದೊಡ್ಡ ಬಾಯಿ, ಅಂದರೆ ನಾಝಲ್ ಇತ್ತು. ಬಿಸಿ ಆವಿಯ ಪೈಪ್ ಅಲ್ಲಿಂದ ನೆಲದವರೆಗೆ ಇಳಿಯಬೇಕು. ಅದರ ತೂಕವೆಷ್ಟು, ಕಾದು ಹಿಗ್ಗಿದಾಗ ನಾಝಲನ್ನು ಎಷ್ಟು ತಳ್ಳುತ್ತದೆ ಎಂದು ಗಿರಾಕಿಯಾಗಲಿ, ಅವರ ಪೈಪಿಂಗ್ ಸಲಹೆಗಾರರಾಗಲಿ ತಿಳಿಸಿರಲಿಲ್ಲ. ನಮ್ಮ ಲೆಕ್ಕದ ಹಾಳೆಯಲ್ಲಿ ಆ ಜಾಗದಲ್ಲಿ ಸೊನ್ನೆ ಇತ್ತು.

ಚೀಫ್ ಡಿಸೈನರ್ ಶೇಷಾದ್ರಿಯವರನ್ನು ಕೇಳಿದೆ. "ಪೈಪಿಂಗ್ ಅವರ ತಲೆನೋವು ಕಣಮ್ಮ. ಸೋಮವಾರ ನಾಝಲ್ ವೆಲ್ಡ್ ಆಗ್ಬೇಕು" ಎಂದರು.

ಮರುದಿನ, ಶುಕ್ರವಾರ, ಅರ್ಧ ದಿನ ರಜೆ ಹಾಕಿ ಜಯನಗರದಲ್ಲಿದ್ದ ಪೈಪಿಂಗ್ ಸಲಹೆಗಾರರ ಕಚೇರಿಗೆ ಹೋದೆ.

"ಡ್ರಾಯಿಂಗ್ ಇನ್ನೂ ಫೈನಲ್ ಆಗಿಲ್ಲ ಮೇಡಂ" ಎಂದರು ಅಲ್ಲಿನ ಡ್ರಾಫ್ಟ್ಸ್‌ಮನ್.

"ಇರೋದನ್ನೇ ಕೊಡಿ ಸಾರ್."

ಅವರು ಕೊಟ್ಟ ಸ್ಕೆಚ್‌ನಲ್ಲಿ ಪೈಪ್ ಎಲ್ಲೂ ಆಸರೆಯಿಲ್ಲದೆ ನೇರ ಕೆಳಗಿಳಿದಿತ್ತು. ಶನಿವಾರ ಬೆಳಿಗ್ಗೆ ಲೆಕ್ಕ ಹಾಕಿದೆ. ನಾಝಲ್ ಸುತ್ತಲಿನ ತಗಡಿನ ಮೇಲೆ ಬೀಳುವ ಸ್ಟ್ರೆಸ್, ಉಕ್ಕಿಗೆ ಅನುಮತಿಸಿದ ಮಿತಿಯ ಒಂದೂವರೆ ಪಟ್ಟು ಬಂತು. ಮೂರು ಸಲ ಮಾಡಿದರೂ ಅಷ್ಟೇ.

ಶೇಷಾದ್ರಿಯವರು ನನ್ನ ಹಾಳೆಗಳನ್ನು ಪಕ್ಕಕ್ಕಿಟ್ಟು, ತಮ್ಮ ಕ್ಯಾಲ್ಕುಲೇಟರ್‌ನಲ್ಲಿ ಮೊದಲಿನಿಂದ ತಾವೇ ಲೆಕ್ಕ ಹಾಕಿದರು. ಎರಡು ಗಂಟೆ ಹಿಡಿಯಿತು. ನಾನು ಎದುರಿಗೇ ನಿಂತಿದ್ದೆ. ಕೊನೆಗೆ ಎದ್ದು ನೇರ ಶಾಪ್ ಫ್ಲೋರಿಗೆ ನಡೆದರು. ನಾನೂ ಹಿಂದೆ ಹೋದೆ.

"ಮುನಿಯಪ್ಪ, ಟಾಪ್ ನಾಝಲ್ ಮುಟ್ಬೇಡಿ" ಎಂದರು ಫೋರ್‌ಮನ್‌ಗೆ.

"ಯಾಕ್ ಸಾರ್? ಎಲ್ಲಾ ರೆಡಿ ಐತೆ."

"ಇವರ ಲೆಕ್ಕ ಸರಿ. ನಂದು ತಪ್ಪು."

ಅಷ್ಟೂ ಕಾರ್ಮಿಕರ ಎದುರು ಅವರು ಹಾಗೆ ಹೇಳಿದರು.

ನಾಝಲ್ ಸುತ್ತ ದಪ್ಪನೆಯ ಉಕ್ಕಿನ ತಗಡಿನ ಪ್ಯಾಡ್ ಕೂರಿಸಿದೆವು. ಪೈಪಿನ ತೂಕ ಹೊರಲು ನಾಝಲ್‌ನ ಕೆಳಗೇ ಕಾಲಂಗೆ ಬ್ರಾಕೆಟ್ ಹಾಕಿದೆವು. ಪೈಪ್ ಕಾದಾಗ ಹಿಗ್ಗಲು ಅವಕಾಶವಿರುವಂತೆ ಸಲಹೆಗಾರರು ಅದಕ್ಕೆ ಬಾಗು ಕೊಟ್ಟರು.

ಮರುವರ್ಷ ಗಿರಾಕಿಯ ಸ್ಥಾವರದಲ್ಲಿ ಕಾಲಂ ಚಾಲೂ ಆಯಿತು. ಅದು ಪೂರ್ತಿ ಕಾದ ಮೇಲೆ ನಾನೇ ಏಣಿ ಹತ್ತಿ ತುದಿಯ ಪ್ಲಾಟ್‌ಫಾರಂ ತಲುಪಿದೆ. ಪೈಪ್ ಬ್ರಾಕೆಟ್ ಮೇಲೆ ಭದ್ರವಾಗಿ ಕೂತಿತ್ತು. ಜೋಡಣೆಯಲ್ಲಿ ಒಂದೆಳೆ ಆವಿಯೂ ಕಾಣಲಿಲ್ಲ. ಕೆಳಗಿಳಿದು, ಅಲ್ಲಿ ಕಾಯುತ್ತಿದ್ದ ಶೇಷಾದ್ರಿಯವರಿಗೆ "ಎಲ್ಲೂ ಲೀಕ್ ಇಲ್ಲ ಸಾರ್" ಎಂದೆ. ಅವರು ಕೈಕುಲುಕಿದರು.

ಗೊತ್ತಿಲ್ಲದ ಭಾರ ಸೊನ್ನೆಯಲ್ಲ ಎಂಬುದನ್ನು ನಾನು ಕಲಿತದ್ದು ಆ ಕಾಲಂನಿಂದ. ಅದನ್ನು ಹುಡುಕಿಕೊಂಡು ಹೋಗಿ ಕೇಳುವುದೂ ಡಿಸೈನೇ. ನಿವೃತ್ತಳಾಗುವವರೆಗೆ, ಪೈಪಿನ ಭಾರದ ಅಂಕಿ ಕೈಗೆ ಬಾರದೆ ನಾನು ಯಾವ ಹಾಳೆಗೂ ಸಹಿ ಹಾಕಲಿಲ್ಲ.